ಹೊಲದಂಚಿನ ರನ್‌ವೇ ಏಕೆ ಪಾಳುಬಿತ್ತು?

ಬೆಂಗಳೂರಿನ ಎಚ್‌ಎಎಲ್ ಎಂದರೆ ಯುದ್ಧವಿಮಾನಗಳೇ ನೆನಪಾಗುತ್ತವೆ. ಆದರೆ ಬೆಳೆಗೆ ಔಷಧಿ ಹೊಡೆಯುವುದಕ್ಕೆಂದೇ ಆ ಕಾರ್ಖಾನೆ ಒಂದು ವಿಮಾನವನ್ನೂ ರೂಪಿಸಿತ್ತು. ಅದರ ಹೆಸರು ‘ಬಸಂತ್’. 1969ರಲ್ಲಿ ಹಾರಿದ ಮೊದಲ ಮಾದರಿ ತೃಪ್ತಿಕರವಾಗಿರಲಿಲ್ಲವಾದ್ದರಿಂದ ವಿನ್ಯಾಸವನ್ನೇ ಬದಲಿಸಿ, 400 ಅಶ್ವಶಕ್ತಿಯ ಎಂಜಿನ್ ಕೂಡಿಸಿದ ಎರಡನೆಯ ಮಾದರಿಯನ್ನು 1972ರ ಮಾರ್ಚ್ 30ರಂದು ಹಾರಿಸಲಾಯಿತು. 1980ರಲ್ಲಿ ತಯಾರಿಕೆ ನಿಂತಾಗ ಒಟ್ಟು ಸಂಖ್ಯೆ ಕೇವಲ 39. (ಇದೇ ಕಾರ್ಖಾನೆಯ ‘ಕೃಷಕ್’ ಎಂಬ ವಿಮಾನ ಹೆಸರಿಗಷ್ಟೇ ರೈತ; ಅದು ದುಡಿದದ್ದು ಸೇನೆಯ ವೀಕ್ಷಣಾ ಕೆಲಸಕ್ಕೆ.)

ವಿಮಾನದಿಂದ ಕೀಟನಾಶಕ ಉದುರಿಸುವ ಪದ್ಧತಿ ಹುಟ್ಟಿದ್ದು 1921ರಲ್ಲಿ, ಅಮೆರಿಕದ ಓಹಿಯೋ ರಾಜ್ಯದಲ್ಲಿ. ನೂರಾರು ಎಕರೆಗೆ ಒಂದೇ ಬೆಳೆಯಿದ್ದು ನಡುವೆ ಬೇಲಿಯೂ ಇಲ್ಲದ ಅಲ್ಲಿನ ಜಮೀನುಗಳಿಗೆ ಅದು ಹೇಳಿಮಾಡಿಸಿದಂತಿತ್ತು. ಈ ಕೆಲಸಕ್ಕೆ ಹಳ್ಳಿಯಲ್ಲೇ ವಿಮಾನನೆಲೆ ಬೇಕಾದದ್ದಕ್ಕೆ ಕಾರಣ ಸರಳವಾಗಿದೆ. ಬೆಳೆಯ ತಲೆಯಿಂದ ಕೆಲವೇ ಅಡಿ ಮೇಲೆ ಹಾರುತ್ತ ಟ್ಯಾಂಕು ಬರಿದುಮಾಡಲು ಹೆಚ್ಚು ಹೊತ್ತು ಬೇಕಿಲ್ಲ. ಮತ್ತೆ ತುಂಬಿಸಿಕೊಳ್ಳಲು ದೂರದ ಪಟ್ಟಣಕ್ಕೆ ಹೋಗಿಬಂದರೆ ಇಂಧನಕ್ಕೂ ಹೊತ್ತಿಗೂ ಕೇಡು. ಗಾಳಿ ಅಲುಗಾಡದ ಬೆಳಗಿನ ಕೆಲವು ತಾಸುಗಳಲ್ಲೇ ಕೆಲಸ ಮುಗಿಯಬೇಕು, ಬಿಸಿಲೇರಿದರೆ ಹನಿಗಳು ಎಲ್ಲೆಲ್ಲಿಗೋ ತೇಲಿಹೋಗುತ್ತವೆ. ಹಾಗಾಗಿ ಹೊಲದ ಪಕ್ಕದಲ್ಲೇ ಸಮತಟ್ಟು ಮಾಡಿದ ಒಂದು ಪಟ್ಟಿ ನೆಲ, ನೀರಿನ ತೊಟ್ಟಿ, ಡ್ರಮ್ಮುಗಳು, ಗಾಳಿಯ ದಿಕ್ಕು ತೋರುವ ಬಟ್ಟೆಯ ಚೀಲ ಇದ್ದರೆ ನೆಲೆ ಸಿದ್ಧ. ವಿಮಾನ ಯಾವ ಸಾಲಿನಲ್ಲಿ ಹಾರಬೇಕೆಂದು ತೋರಿಸಲು ಹೊಲದ ಅಂಚಿನಲ್ಲಿ ಬಾವುಟ ಹಿಡಿದು ನಿಲ್ಲುತ್ತಿದ್ದವನ ಮೇಲೂ ಆ ‘ಔಷಧಿ’ ಬೀಳುತ್ತಿತ್ತು. ವಿಷವನ್ನು ಔಷಧಿಯೆಂದು ಕರೆಯುವ ನಮ್ಮ ರೂಢಿ ಇಲ್ಲಿ ತುಸು ಮುಜುಗರ ತರುತ್ತದೆ.

ಇಂತಹ ನೆಲೆ ಬದುಕುವುದು ಸಿಂಪಡಣೆ ನಡೆದಷ್ಟೇ ದಿನ. ಕಟ್ಟಡವಿಲ್ಲ, ಪ್ರಯಾಣಿಕರಿಲ್ಲ, ವಿಮಾನ ಬರುವುದು ನಿಂತರೆ ಎರಡು ಮಳೆಗಾಲದೊಳಗೆ ಹುಲ್ಲು, ಜಾಲಿ ಆವರಿಸುತ್ತವೆ. ನಮ್ಮಲ್ಲಿ ಅದು ನಿಲ್ಲಲು ಮೊದಲ ಕಾರಣ ಹಿಡುವಳಿಯ ಅಳತೆಯೆಂದು ನನಗನ್ನಿಸುತ್ತದೆ. 2015–16ರ ಕೃಷಿ ಗಣತಿಯಂತೆ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್. ಒಬ್ಬನ ಭತ್ತಕ್ಕೆ ಬಿಟ್ಟ ಮಂಜು ಪಕ್ಕದವನ ಹಿಪ್ಪುನೇರಳೆಗೂ ಬಿದ್ದರೆ ಅವನ ರೇಷ್ಮೆಹುಳುಗಳ ಗತಿಯೇನು? ತೆಂಗಿನ ಮರ, ಪಂಪ್‌ಸೆಟ್ಟಿನ ತಂತಿ, ತೆರೆದ ಬಾವಿಗಳ ನಡುವೆ ವಿಮಾನ ತಗ್ಗಿ ಹಾರುವುದೂ ಅಪಾಯವೇ.

ವಿಶಾಲ ಏಕಬೆಳೆಯ ಜಮೀನು ಸಿಕ್ಕಿದ್ದು ತೋಟಗಳಲ್ಲಿ, ಆದರೆ ಅಲ್ಲಿಗೆ ಬಂದದ್ದು ರನ್‌ವೇ ಬೇಡದ ಹೆಲಿಕಾಪ್ಟರ್. ಕಾಸರಗೋಡಿನ ಸರ್ಕಾರಿ ಗೇರು ತೋಟಗಳಲ್ಲಿ ಟೀ ಸೊಳ್ಳೆ ಎಂಬ ರಸಹೀರುವ ಕೀಟದ ಹತೋಟಿಗೆಂದು 1970ರ ದಶಕದಿಂದ 2000ದವರೆಗೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಲಾಯಿತು. ಕನ್ನಡ ಮಾತನಾಡುವ ಎಣ್ಮಕಜೆಯಂತಹ ಗ್ರಾಮಗಳ ಮನೆಗಳು, ತೋಡುಗಳು, ಬಾವಿಗಳು ಆ ತೋಟಗಳಿದ್ದ ಗುಡ್ಡಗಳ ಬುಡದಲ್ಲೇ ಇದ್ದವು. ದಕ್ಷಿಣ ಕನ್ನಡದ ಕೊಕ್ಕಡ ಸುತ್ತಲಿನ ಗೇರು ತೋಟಗಳಲ್ಲೂ ಇದೇ ನಡೆಯಿತು. ಅಂಗವೈಕಲ್ಯದ ಮಕ್ಕಳ ಚಿತ್ರಗಳು ಹೊರಬಂದ ಮೇಲೆ ವಾದವಿವಾದ ವರ್ಷಗಟ್ಟಲೆ ನಡೆದು, 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನಿನ ತಯಾರಿಕೆ, ಮಾರಾಟಗಳನ್ನು ತಡೆಯಿತು. ಆಮೇಲೆ ಆಕಾಶದಿಂದ ಸಿಂಪಡಿಸುವುದೆಂದರೆ ಜನ ಮೊದಲು ನೆನೆಯುವುದು ಕಾಸರಗೋಡನ್ನೇ.

ಹಾಗೆಂದು ಆ ವಿದ್ಯೆ ಪೂರ್ತಿ ಅಳಿದಿಲ್ಲ. 2020ರಲ್ಲಿ ರಾಜಸ್ಥಾನದ ಮರುಭೂಮಿಯಲ್ಲಿ ಮಿಡತೆ ದಂಡಿನ ಮೇಲೆ ಹೆಲಿಕಾಪ್ಟರನ್ನೂ ಡ್ರೋನುಗಳನ್ನೂ ಬಳಸಲಾಯಿತು; ಮರುವರ್ಷ ಕೇಂದ್ರ ಕೃಷಿ ಸಚಿವಾಲಯ ಡ್ರೋನ್ ಸಿಂಪಡಣೆಗೆ ಕಾರ್ಯವಿಧಾನ ಪ್ರಕಟಿಸಿತು. ಹತ್ತು ಲೀಟರಿನ ಟ್ಯಾಂಕು ಹೊತ್ತ ಡ್ರೋನು ಹೊಲದ ಬದುವಿನಿಂದಲೇ ಮೇಲೇರಿ, ಅದೇ ಬದುವಿಗೆ ಇಳಿಯುತ್ತದೆ.