ರೆಪ್ಲಿಕಾದ ಮೇಲೆ ಬ್ಯಾಕಪ್ ನಡೆಸಬಹುದೇ?

ಪ್ರಶ್ನೆ: ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕ್ಲಸ್ಟರಿನಲ್ಲಿ ಬರವಣಿಗೆ ನಡೆಯುವ ಒಂದು ಪ್ರೈಮರಿ ಸರ್ವರ್, ಅದರ ನಕಲುಗಳಾದ ಎರಡು ರೀಡ್-ಓನ್ಲಿ ರೆಪ್ಲಿಕಾಗಳಿವೆ. ರಾತ್ರಿ ಬ್ಯಾಕಪ್ ನಡೆಯುವಾಗ ಪ್ರೈಮರಿ ಬಹಳ ನಿಧಾನವಾಗುತ್ತದೆ. ಈ ಕೆಲಸವನ್ನು ರೆಪ್ಲಿಕಾಕ್ಕೆ ವರ್ಗಾಯಿಸಬಹುದೇ?

ಉತ್ತರ: ವರ್ಗಾಯಿಸಬಹುದು, ನೀವು ಹೇಳುವ ಪರಿಸ್ಥಿತಿಯಲ್ಲಿ ಅದೇ ಒಳ್ಳೆಯದು. ಆದರೆ ಪ್ರೈಮರಿಯ ಮೇಲೆ ತಕರಾರಿಲ್ಲದೆ ಓಡುತ್ತಿದ್ದ ಸ್ಕ್ರಿಪ್ಟನ್ನು ಹಾಗೆಯೇ ರೆಪ್ಲಿಕಾದ ಮೇಲೆ ಓಡಿಸಿದರೆ ಅದು ಅರ್ಧಕ್ಕೇ ನಿಂತುಹೋಗುವ ಸಂಭವವಿದೆ.

ದತ್ತಾಂಶವನ್ನು ಓದಿ ಬ್ಯಾಕಪ್ ಫೈಲಿಗೆ ಬರೆಯುವ ಪಿಜಿ_ಡಂಪ್ ಎಂಬ ಸಾಧನವು ತಾನು ಆರಂಭವಾದ ಕ್ಷಣದಲ್ಲಿ ದತ್ತಾಂಶ ಹೇಗಿತ್ತೋ ಹಾಗೆಯೇ ಅದನ್ನು ಕೊನೆಯವರೆಗೂ ಓದಬೇಕು. ಅಷ್ಟರಲ್ಲಿ ಪ್ರೈಮರಿಯಲ್ಲಿ ವ್ಯಾಕ್ಯೂಮ್ ಎಂಬ ಶುಚಿಗೊಳಿಸುವ ಕೆಲಸ ಓಡಿ, ಅಲ್ಲಿ ಯಾರಿಗೂ ಬೇಡವಾದ ಹಳೆಯ ಸಾಲುಗಳನ್ನು ತೆಗೆದುಹಾಕುತ್ತದೆ, ಮತ್ತು ಆ ಬದಲಾವಣೆ, ಪ್ರತಿ ಬದಲಾವಣೆಯನ್ನೂ ದಾಖಲಿಸುವ ವಾಲ್ ಲಾಗಿನ ಮೂಲಕ ರೆಪ್ಲಿಕಾವನ್ನೂ ತಲುಪುತ್ತದೆ. ಡಂಪಿಗೆ ಆ ಸಾಲುಗಳು ಇನ್ನೂ ಬೇಕಾಗಬಹುದಾಗಿದ್ದರೆ ರೆಪ್ಲಿಕಾ ಸ್ವಲ್ಪ ಕಾಯುತ್ತದೆ. ಮ್ಯಾಕ್ಸ್_ಸ್ಟ್ಯಾಂಡ್‌ಬೈ_ಸ್ಟ್ರೀಮಿಂಗ್_ಡಿಲೇ ಎಂಬ ಸೆಟ್ಟಿಂಗಿನಲ್ಲಿರುವ ಈ ಅವಧಿ, ನೀವು ಬದಲಾಯಿಸದಿದ್ದರೆ, 30 ಸೆಕೆಂಡ್. ಅದು ಮುಗಿದೊಡನೆ ‘ಕ್ಯಾನ್ಸಲಿಂಗ್ ಸ್ಟೇಟ್‌ಮೆಂಟ್ ಡ್ಯೂ ಟು ಕಾನ್‌ಫ್ಲಿಕ್ಟ್ ವಿತ್ ರಿಕವರಿ’ ಎಂಬ ಸಂದೇಶದೊಂದಿಗೆ ಡಂಪ್ ರದ್ದಾಗುತ್ತದೆ.

ಯಾವ ಹಳೆಯ ಸಾಲುಗಳು ತನಗಿನ್ನೂ ಬೇಕೆಂದು ರೆಪ್ಲಿಕಾ ಪ್ರೈಮರಿಗೆ ತಿಳಿಸುವಂತೆ ಮಾಡುವ ಹಾಟ್_ಸ್ಟ್ಯಾಂಡ್‌ಬೈ_ಫೀಡ್‌ಬ್ಯಾಕ್ ಸೆಟ್ಟಿಂಗನ್ನು ಆನ್ ಮಾಡಿದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆಯಾದರೂ ಡಂಪ್ ಮುಗಿಯುವವರೆಗೆ ಹಳೆಯ ಸಾಲುಗಳು ಪ್ರೈಮರಿಯಲ್ಲೇ ಉಳಿದು ಟೇಬಲ್‌ಗಳು ಉಬ್ಬುತ್ತವೆ. ಪ್ರೈಮರಿಯ ಹೊರೆ ಇಳಿಸಲು ಹೊರಟವರು ಹೀಗೆ ಇನ್ನೊಂದು ಹೊರೆ ಹೊರಿಸುವುದು ನನಗೆ ಸರಿಯೆನಿಸುವುದಿಲ್ಲ. ಎರಡು ರೆಪ್ಲಿಕಾಗಳಲ್ಲಿ ಒಂದನ್ನು ಬ್ಯಾಕಪ್ಪಿಗೆಂದೇ ಮೀಸಲಿಟ್ಟು, ಅದರಲ್ಲಿ ಮಾತ್ರ ಮೇಲಿನ ಅವಧಿಯನ್ನು -1 ಮಾಡಿ, ಎಷ್ಟು ಹೊತ್ತಾದರೂ ಕಾಯಲು ಬಿಡುವುದು ಮೇಲು. ಆ ಹೊತ್ತಿನಲ್ಲಿ ಅದು ಪ್ರೈಮರಿಗಿಂತ ಹಿಂದುಳಿಯುತ್ತದೆ ಮತ್ತು ಬಂದ ವಾಲ್ ಫೈಲುಗಳು ಅದರ ಡಿಸ್ಕಿನಲ್ಲಿ ಶೇಖರವಾಗುತ್ತವೆ. ಆದ್ದರಿಂದ ಡಿಸ್ಕಿನಲ್ಲಿ ಜಾಗ ಧಾರಾಳವಾಗಿರಲಿ. ಪ್ರೈಮರಿ ಕೆಟ್ಟಾಗ ಅದರ ಜಾಗ ತುಂಬುವ (ಫೇಲ್‌ಓವರ್) ಹೊಣೆ ಇನ್ನೊಂದು ರೆಪ್ಲಿಕಾದ ಮೇಲಿರಲಿ.

ಪಿಜಿ_ಡಂಪ್ ಬದಲು ಪಿಜಿ_ಬೇಸ್‌ಬ್ಯಾಕಪ್ ಎಂಬ ಸಾಧನ ಬಳಸುವವರಿಗೆ ಈ ಸಂಘರ್ಷವಿಲ್ಲ, ಏಕೆಂದರೆ ಅದು ಫೈಲುಗಳನ್ನೇ ನಕಲಿಸುತ್ತದೆ. 2012ರಲ್ಲಿ ಬಂದ 9.2 ಆವೃತ್ತಿಯಿಂದ ಅದನ್ನು ರೆಪ್ಲಿಕಾದ ಮೇಲೂ ಓಡಿಸಬಹುದು. ಪ್ರೈಮರಿಯಲ್ಲಿ ಫುಲ್_ಪೇಜ್_ರೈಟ್ಸ್ ಎಂಬ ಸೆಟ್ಟಿಂಗ್ ಆನ್ ಇರಬೇಕು, ಮತ್ತು ಬ್ಯಾಕಪ್ ನಡುವೆ ಆ ರೆಪ್ಲಿಕಾವನ್ನೇ ಪ್ರೈಮರಿಯಾಗಿ ಬಡ್ತಿಗೊಳಿಸಿದರೆ ಬ್ಯಾಕಪ್ ವಿಫಲವಾಗುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕಣ್ಣಿಗೆ ಬೀಳದ ಇನ್ನೊಂದು ಅಪಾಯ. ರೆಪ್ಲಿಕೇಶನ್ ಯಾವಾಗಲೋ ಕಡಿದುಹೋಗಿದ್ದರೂ ರೆಪ್ಲಿಕಾ ಓದಲು ಸಿಗುತ್ತಲೇ ಇರುತ್ತದೆ. ಡಂಪ್ ಪ್ರತಿ ರಾತ್ರಿ ದೋಷವಿಲ್ಲದೆ ಮುಗಿಯುತ್ತದೆ, ಆದರೆ ಅದರೊಳಗಿರುವುದು ಕಳೆದ ವಾರದ ದತ್ತಾಂಶ. ಹಾಗಾಗಿ ಸ್ಕ್ರಿಪ್ಟಿನ ಮೊದಲ ಹೆಜ್ಜೆಯಲ್ಲೇ ಪ್ರೈಮರಿಯ ಪಿಜಿ_ಕರೆಂಟ್_ವಾಲ್_ಎಲ್‌ಎಸ್‌ಎನ್ ಮತ್ತು ರೆಪ್ಲಿಕಾದ ಪಿಜಿ_ಲಾಸ್ಟ್_ವಾಲ್_ರಿಪ್ಲೇ_ಎಲ್‌ಎಸ್‌ಎನ್ ಮೌಲ್ಯಗಳನ್ನು (ಎರಡೂ ವಾಲ್ ಲಾಗಿನಲ್ಲಿ ಎಲ್ಲಿಯವರೆಗೆ ಬಂದಿವೆ ಎಂಬುದನ್ನು ಹೇಳುವ ಸ್ಥಾನಗಳು) ಹೋಲಿಸಿ, ಅಂತರ ನಿಮ್ಮ ಮಿತಿಯನ್ನು ಮೀರಿದ್ದರೆ ಬ್ಯಾಕಪ್ ಆರಂಭಿಸದೆ ಎಚ್ಚರಿಕೆ ಕಳುಹಿಸುವಂತೆ ಮಾಡಿ. ಕೊನೆಯ ಟ್ರಾನ್ಸಾಕ್ಷನ್ನಿನ ಸಮಯವೊಂದನ್ನೇ ನೋಡಿದರೆ ಸಾಲದು: ಪ್ರೈಮರಿಯಲ್ಲಿ ಬರವಣಿಗೆಯೇ ನಡೆಯದ ರಾತ್ರಿಗಳಲ್ಲಿ, ರೆಪ್ಲಿಕಾ ಪೂರ್ತಿ ಸಮವಾಗಿದ್ದರೂ ಆ ಸಮಯ ಹಳೆಯದಾಗಿಯೇ ಕಾಣಿಸುತ್ತದೆ.