ನಿಯಮ ಅವರದ್ದು, ಪುಸ್ತಕ ನಿಮ್ಮದು: ಮಾರಾಟದ ಲೆಕ್ಕವೇನು?

ಪ್ರಶ್ನೆ: ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದ (ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಬೆಳೆಸುವ ಆಟ) ಪುಸ್ತಕವೊಂದನ್ನು ಬರೆಯುತ್ತಿದ್ದೇನೆ. ಸ್ವಂತ ನಿಯಮ ಕಟ್ಟಲೋ, ಜನ ಈಗಾಗಲೇ ಆಡುತ್ತಿರುವ ನಿಯಮಕ್ಕೆ ಹೊಂದಿಸಲೋ? ಯಾವುದು ಹೆಚ್ಚು ಮಾರಾಟವಾಗುತ್ತದೆ?

ಉತ್ತರ: ಪುಸ್ತಕ ಹೊರಬಂದ ಹೊಸದರಲ್ಲಿ ಸಾಮಾನ್ಯವಾಗಿ ಗೊತ್ತಿರುವ ನಿಯಮದ್ದೇ ಮೇಲುಗೈ. ಹೊಸ ನಿಯಮವನ್ನು ಒಬ್ಬರು ಓದಿ ಮೆಚ್ಚಿದರೆ ಸಾಲದು, ಮೇಜಿನ ಸುತ್ತ ಕೂರುವ ಉಳಿದ ನಾಲ್ವರಿಗೂ ಕಲಿಸಬೇಕು. ಆ ತಾಪತ್ರಯ ತಪ್ಪಿದರೆ ಕೊಳ್ಳುವ ಕೈ ಹಿಂಜರಿಯುವುದಿಲ್ಲ. ಆದರೆ ಹೀಗೆ ಬರುವ ಲಾಭದಲ್ಲಿ ನಿಯಮದ ಒಡೆಯರಿಗೆ ಸಿಗುವ ಪಾಲು ದೊಡ್ಡದು.

2000ದಲ್ಲಿ ಈ ಬಗೆಯ ಆಟಗಳಲ್ಲೇ ಹೆಸರಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರನೇ ಆವೃತ್ತಿ ಬಂದಾಗ, ಅದರ ಒಡೆಯರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ನಿಯಮಗಳ ತಿರುಳನ್ನು ಓಪನ್ ಗೇಮ್ ಲೈಸೆನ್ಸ್ ಅಡಿಯಲ್ಲಿ ಯಾರು ಬೇಕಾದರೂ ಬಳಸಲು ಬಿಟ್ಟಿತು. ಈ ಯೋಜನೆಯ ಹಿಂದಿದ್ದವರು ಕಂಪನಿಯ ರಯನ್ ಡ್ಯಾನ್ಸಿ. ಇದರಲ್ಲಿ ಔದಾರ್ಯಕ್ಕಿಂತ ವ್ಯಾಪಾರದ ಲೆಕ್ಕವೇ ಜಾಸ್ತಿ. ಸಾಹಸಕಥೆಯ ಪುಸ್ತಕವನ್ನು ಕೊಳ್ಳುವುದು ಆಟ ನಡೆಸುವ ಗೇಮ್ ಮಾಸ್ಟರ್ ಒಬ್ಬರೇ. ಆಟದ ಮೂಲ ನಿಯಮಗಳಿರುವ ಪ್ಲೇಯರ್ಸ್ ಹ್ಯಾಂಡ್‌ಬುಕ್ ಮೇಜಿನಲ್ಲಿರುವ ಐವರಿಗೂ ಬೇಕು. ಒಂದು ಪ್ರತಿ ಮಾರುವ ಕಷ್ಟವನ್ನು ಹೊರಗಿನವರಿಗೆ ಬಿಟ್ಟು, ಐದು ಪ್ರತಿ ಮಾರುವ ಪುಸ್ತಕವನ್ನು ಕಂಪನಿ ತನ್ನಲ್ಲೇ ಉಳಿಸಿಕೊಂಡಿತು. ಪುಸ್ತಕ ಈ ನಿಯಮಕ್ಕೆ (ಇದರ ಹೆಸರು ಡಿ20) ಹೊಂದುತ್ತದೆಂದು ತೋರಿಸುವ ಡಿ20 ಲೋಗೊ ಬೇಕೆಂದರೆ ಷರತ್ತುಗಳಿದ್ದವು: ಪಾತ್ರ ಕಟ್ಟುವ ನಿಯಮವನ್ನು ಅಚ್ಚು ಹಾಕುವಂತಿಲ್ಲ, 'ಇದನ್ನು ಆಡಲು ಪ್ಲೇಯರ್ಸ್ ಹ್ಯಾಂಡ್‌ಬುಕ್ ಬೇಕು' ಎಂದು ಹೊದಿಕೆಯ ಮೇಲೆ ಹಾಕಲೇಬೇಕು. ಅಂದರೆ ನಿಮ್ಮ ಖರ್ಚಿನಲ್ಲಿ ಅವರ ಜಾಹೀರಾತು!

ಹೊರಗಿನ ಪ್ರಕಾಶಕರಿಗೆ ಪೆಟ್ಟು ಬಿದ್ದದ್ದು 2003ರಲ್ಲಿ. ಅಷ್ಟು ಹೊತ್ತಿಗೆ ಅಂಗಡಿಗಳಲ್ಲಿ ಡಿ20 ಪುಸ್ತಕಗಳು ರಾಶಿ ಬಿದ್ದಿದ್ದವು, ಗಟ್ಟಿ ಯಾವುದು ಜೊಳ್ಳು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಅದರ ಮೇಲೆ ಮೂರನೇ ಆವೃತ್ತಿಯನ್ನು ತಿದ್ದಿದ 3.5 ಆವೃತ್ತಿ ಬಂತು. ಬದಲಾವಣೆಗಳು ಅಂಥ ದೊಡ್ಡವೇನಲ್ಲ: ಮೊದಲು '+1' ಆಯುಧಕ್ಕೆ ಮಾತ್ರ ಬಗ್ಗುತ್ತಿದ್ದ ಜೀವಿ ಈಗ ಯಾವುದೇ 'ಮಾಂತ್ರಿಕ' ಆಯುಧಕ್ಕೆ ಬಗ್ಗುತ್ತದೆ, ಈ ಥರದವು. ಪೆನ್ಸಿಲ್ ಹಿಡಿದು ತಿದ್ದಿಕೊಂಡರೆ ಮುಗಿಯಿತು. ಆದರೂ ಗಿರಾಕಿಯ ಕಣ್ಣಿಗೆ ಹಳೆಯ ಪುಸ್ತಕ ಹಳಸಲಾಯಿತು. ಅಂಗಡಿಯವರು ಉಳಿದ ಸರಕನ್ನು ಬಂದಷ್ಟಕ್ಕೆ ಮಾರಿದರು, ಹೊಸದಕ್ಕೆ ಆರ್ಡರ್ ಕೊಡಲು ಹಿಂಜರಿದರು.

ಒಡೆಯರಿಗೂ ಇದು ತಿರುಗುಬಾಣವಾಗಬಹುದು. 2008ರಲ್ಲಿ ನಾಲ್ಕನೇ ಆವೃತ್ತಿ ಬಿಗಿ ಲೈಸೆನ್ಸ್‌ನೊಂದಿಗೆ ಬಂದಾಗ ಪೈಜೊ ಕಂಪನಿ ಹಳೆಯ 3.5 ನಿಯಮವನ್ನೇ ತಿದ್ದಿ 2009ರಲ್ಲಿ ಪಾತ್‌ಫೈಂಡರ್ ಎಂಬ ಆಟ ತಂದಿತು. ಕಪಾಟಿನಲ್ಲಿದ್ದ ಪುಸ್ತಕಗಳು ವ್ಯರ್ಥವಾಗಬಾರದು ಎಂದುಕೊಂಡವರು ಅತ್ತ ಹೋದರು.

ಈಗಿನ ಸ್ಥಿತಿ ಸುಧಾರಿಸಿದೆ. 2023ರ ಜನವರಿಯಲ್ಲಿ ಲೈಸೆನ್ಸ್ ಬದಲಿಸಲು ಹೋಗಿ ಆಟಗಾರರ ಸಿಟ್ಟಿಗೆ ಗುರಿಯಾದ ವಿಝರ್ಡ್ಸ್ ಕಂಪನಿ, ಐದನೇ ಆವೃತ್ತಿಯ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಕೊಟ್ಟಿತು. ಇದನ್ನು ವಾಪಸ್ ಪಡೆಯುವಂತಿಲ್ಲ. ನೀವು ಮಾಡಬೇಕಾದದ್ದು, ಅವರು ಸೂಚಿಸಿದ ಕೃತಜ್ಞತೆಯ ಸಾಲನ್ನು ಪುಸ್ತಕದಲ್ಲಿ ಹಾಕುವುದು. ಅವರ ಲೋಗೊ ಬಳಸಬೇಡಿ, 'ಐದನೇ ಆವೃತ್ತಿಗೆ ಹೊಂದುತ್ತದೆ' ಎನ್ನಬಹುದು. ಆ ಆಟದ ಪುಸ್ತಕಗಳ ಆನ್‌ಲೈನ್ ಅಂಗಡಿಯಾದ ಡಿಎಂಸ್ ಗಿಲ್ಡ್‌ನಲ್ಲಿ ಮಾರಿದರೆ ಅವರ ಕಥಾಲೋಕವನ್ನೂ ಬಳಸಬಹುದು, ಆದರೆ ನಿಮಗೆ ಸಿಗುವುದು ಬೆಲೆಯ ಶೇ. 50, ಮತ್ತು ಅದೇ ಪುಸ್ತಕವನ್ನು ಬೇರೆಡೆ ಮಾರುವಂತಿಲ್ಲ.

ನಮ್ಮ ಸಲಹೆ: ಸಾಹಸಕಥೆ, ಜೀವಿಗಳ ಪಟ್ಟಿ ಬರೆಯುವುದಾದರೆ ಗೊತ್ತಿರುವ ನಿಯಮವನ್ನೇ ಹಿಡಿಯಿರಿ. ಆಟದ ರುಚಿಯೇ ಬೇರೆಯದಾಗಿದ್ದರೆ, ಉದಾಹರಣೆಗೆ ಕಾದಾಟವೇ ಇಲ್ಲದ ಪತ್ತೇದಾರಿ ಆಟ, ಡಿ20ಗೆ ತುರುಕಬೇಡಿ. ಹೇಗಿದ್ದರೂ ಜೀವಿ, ಆಯುಧಗಳ ಬಲಾಬಲ ಹೇಳುವ ಅಂಕಿಗಳನ್ನು ಕಥೆಯ ನಡುವೆ ಚೆಲ್ಲದೆ ಕೊನೆಯ ಅನುಬಂಧದಲ್ಲಿ ಒಟ್ಟಿಗೆ ಇಡಿ. ನಾಳೆ ಆವೃತ್ತಿ ಬದಲಾದರೆ ಆ ಹತ್ತು ಹನ್ನೆರಡು ಪುಟ ತಿದ್ದಿದರೆ ಸಾಕಾಗುತ್ತದೆ.