ಮೂವತ್ತಕ್ಕೆ ನಿಂತ ಲೆಕ್ಕ: ವೇಲ್ಸ್‌ನ ಮೂರು ಸೀಮೆಗಳು ಮತ್ತು ಮೈತ್ರಿ ರಾಜಕಾರಣ

ವೇಲ್ಸ್‌ಗೆ ತನ್ನದೇ ಆದ ಶಾಸನಸಭೆ ದೊರೆತ 1999ರಿಂದ 2021ರವರೆಗೆ ಆರು ಚುನಾವಣೆಗಳು ನಡೆದವು. ಆರರಲ್ಲಿಯೂ ಲೇಬರ್ ಪಕ್ಷವೇ ಮೊದಲ ಸ್ಥಾನದಲ್ಲಿತ್ತು, ಆದರೆ 60 ಸ್ಥಾನಗಳ ಸಭೆಯಲ್ಲಿ ಅದು 30ನ್ನು ಒಮ್ಮೆಯೂ ದಾಟಲಿಲ್ಲ. 2003, 2011 ಮತ್ತು 2021ರಲ್ಲಿ ಸರಿಯಾಗಿ 30 ಸ್ಥಾನಗಳನ್ನು ಗೆದ್ದು, ಬಹುಮತಕ್ಕೆ ಒಂದೇ ಒಂದು ಸ್ಥಾನ ಕಡಿಮೆಯಾಗಿ ನಿಂತಿತು. ಸೋಲದ, ಆದರೆ ಪೂರ್ತಿ ಗೆಲ್ಲದ ಈ ಸ್ಥಿತಿಯನ್ನು ಕಾಕತಾಳೀಯ ಎನ್ನಲಾಗದು. ಇದರ ಒಂದು ಬೇರು ವೇಲ್ಸ್‌ನ ಭೂಪಟದಲ್ಲಿದೆ, ಇನ್ನೊಂದು ಅಲ್ಲಿನ ಮತ ಎಣಿಕೆಯ ಪದ್ಧತಿಯಲ್ಲಿದೆ.

ಭೂಪಟದಿಂದಲೇ ತೊಡಗುವುದು ಸೂಕ್ತ. ಡೆನಿಸ್ ಬಾಲ್ಸಮ್ ಎಂಬ ರಾಜ್ಯಶಾಸ್ತ್ರಜ್ಞರು 1980ರ ದಶಕದಲ್ಲಿ ವೇಲ್ಸ್ ಒಂದಲ್ಲ, ಮೂರು ಎಂದು ವಾದಿಸಿದರು. ವಾಯವ್ಯದ ಗ್ವಿನೆಡ್‌ನಿಂದ ಪಶ್ಚಿಮ ಕರಾವಳಿಗುಂಟ ಕಾರ್ಮಾರ್ಥೆನ್‌ವರೆಗೆ ವೆಲ್ಷ್ ಭಾಷೆ ಮನೆಮಾತಾಗಿ ಉಳಿದಿರುವ ಸೀಮೆ ಮೊದಲನೆಯದು. ಎರಡನೆಯದು ದಕ್ಷಿಣದ ಕಲ್ಲಿದ್ದಲಿನ ಕಣಿವೆಗಳು. ಅಲ್ಲಿ ಇಂಗ್ಲಿಷ್ ಮಾತನಾಡುವವರೇ ಹೆಚ್ಚು, ಆದರೂ ತಾವು ವೆಲ್ಷರು ಎಂಬ ಭಾವನೆ ಬಲವಾಗಿದೆ. ಮೂರನೆಯದು ಇಂಗ್ಲೆಂಡಿನ ಗಡಿಗೆ ಹೊಂದಿಕೊಂಡ ಪೂರ್ವ ಭಾಗ, ಈಶಾನ್ಯ ಮತ್ತು ಪೆಂಬ್ರೋಕ್‌ಶೈರ್‌ನ ದಕ್ಷಿಣ ಭಾಗ. ಇಲ್ಲಿನವರಿಗೆ ಬ್ರಿಟಿಷ್ ಎಂಬ ಗುರುತೇ ಹೆಚ್ಚು ಹತ್ತಿರದ್ದು. ಮೊದಲ ಸೀಮೆಯಲ್ಲಿ ವೆಲ್ಷ್ ರಾಷ್ಟ್ರೀಯವಾದಿ ಪಕ್ಷವಾದ ಪ್ಲೈಡ್ ಕಮ್ರಿ, ಎರಡನೆಯದರಲ್ಲಿ ಲೇಬರ್, ಮೂರನೆಯದರಲ್ಲಿ ಕನ್ಸರ್ವೇಟಿವ್ ಪಕ್ಷ ನೆಲೆಯೂರಿದವು. ಈ ಗೆರೆಗಳು ಎಲ್ಲ ಕಾಲಕ್ಕೂ ಖಚಿತವಲ್ಲ, ಆದರೂ ಇವನ್ನು ಬಿಟ್ಟರೆ ವೇಲ್ಸ್‌ನ ಚುನಾವಣೆಗಳು ಅರ್ಥವಾಗುವುದೇ ಇಲ್ಲ.

1979ರ ಮಾರ್ಚ್ 1ರಂದು ವೇಲ್ಸ್‌ಗೆ ಪ್ರತ್ಯೇಕ ಸಭೆ ಬೇಕೇ ಎಂದು ಜನಮತ ಕೇಳಿದಾಗ ಹೌದು ಎಂದವರು ಸುಮಾರು ಶೇ 20 ಮಾತ್ರ. ವೆಲ್ಷ್ ಮಾತನಾಡುವ ಗ್ವಿನೆಡ್‌ನಲ್ಲಿಯೂ ಬೇಡ ಎಂದವರೇ ಹೆಚ್ಚಿದ್ದರು. ಅದಾದ 18 ವರ್ಷಗಳಲ್ಲಿ ವೇಲ್ಸ್ ಬಹುಪಾಲು ಲೇಬರ್‌ಗೆ ಮತ ಹಾಕುತ್ತಲೇ ಹೋಯಿತು, ಲಂಡನ್ನಿನಲ್ಲಿ ಕನ್ಸರ್ವೇಟಿವ್ ಸರ್ಕಾರವೇ ಆಳುತ್ತಲೇ ಹೋಯಿತು. 1984-85ರ ಗಣಿ ಕಾರ್ಮಿಕರ ಮುಷ್ಕರ ಸೋತು ಗಣಿಗಳು ಒಂದರ ಹಿಂದೊಂದು ಮುಚ್ಚಿದಾಗ, ತಮ್ಮ ಮತಕ್ಕೆ ಬೆಲೆಯಿಲ್ಲ ಎಂಬ ಅರಿವು ಕಣಿವೆಗಳಲ್ಲಿ ಆಳವಾಗಿ ಬೇರೂರಿತು. 1997ರ ಸೆಪ್ಟೆಂಬರ್ 18ರ ಜನಮತದಲ್ಲಿ ಶೇ 50.3 ಮಂದಿ ಹೌದು ಎಂದರು. ಅಂತರ ಕೇವಲ 6,721 ಮತಗಳು. ಕೊನೆಯದಾಗಿ ಬಂದ ಕಾರ್ಮಾರ್ಥೆನ್‌ಶೈರ್‌ನ ಎಣಿಕೆಯೇ ಫಲಿತಾಂಶವನ್ನು ನಿರ್ಧರಿಸಿತು. 22 ಕೌಂಟಿಗಳಲ್ಲಿ 11 ಹೌದು ಎಂದವು, 11 ಬೇಡ ಎಂದವು. ಹೌದು ಎಂದ ಎಲ್ಲವೂ ಪಶ್ಚಿಮದಲ್ಲಿಯೋ ಕಣಿವೆಗಳಲ್ಲಿಯೋ ಇದ್ದವು. ಅಂದರೆ ಬಾಲ್ಸಮ್ ಗುರುತಿಸಿದ ಮೊದಲೆರಡು ಸೀಮೆಗಳು ಒಂದಾಗಿ ಮೂರನೆಯದನ್ನು ಮಣಿಸಿದ್ದವು. ಸಭೆ ಮಾತ್ರ ಬೇಡ ಎಂದಿದ್ದ ಕಾರ್ಡಿಫ್‌ನಲ್ಲಿಯೇ ಸ್ಥಾಪನೆಯಾಯಿತು.

ಮುಂದಿನ ಮೈತ್ರಿಗಳೆಲ್ಲ ಈ ಕೂಡಿಕೆಯ ನೆರಳಿನಲ್ಲಿಯೇ ರೂಪುಗೊಂಡವು ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೂ ಮೊದಲು ಎಣಿಕೆಯ ಪದ್ಧತಿಯನ್ನು ನೋಡಬೇಕು. ಪ್ರತಿ ಮತದಾರನಿಗೂ ಎರಡು ಮತಗಳಿದ್ದವು. 40 ಸದಸ್ಯರು ನಮ್ಮಲ್ಲಿರುವಂತೆಯೇ ಒಂದೊಂದು ಕ್ಷೇತ್ರದಿಂದ ಆರಿಸಿ ಬರುತ್ತಿದ್ದರು. ಉಳಿದ 20 ಸ್ಥಾನಗಳನ್ನು ಐದು ಪ್ರಾಂತ್ಯಗಳಿಗೆ ತಲಾ ನಾಲ್ಕರಂತೆ ಹಂಚಿ, ಪಕ್ಷಗಳ ಪಟ್ಟಿಯಿಂದ ತುಂಬಲಾಗುತ್ತಿತ್ತು. ಪ್ರಾಂತ್ಯದಲ್ಲಿ ಪಕ್ಷವೊಂದು ಪಡೆದ ಮತಗಳನ್ನು, ಅದು ಅಲ್ಲಿ ಆಗಲೇ ಗೆದ್ದ ಸ್ಥಾನಗಳ ಸಂಖ್ಯೆಗೆ ಒಂದು ಸೇರಿಸಿ ಭಾಗಿಸುತ್ತಿದ್ದರು. ದಕ್ಷಿಣ ವೇಲ್ಸ್ ಪಶ್ಚಿಮ ಪ್ರಾಂತ್ಯದ ಏಳೂ ಕ್ಷೇತ್ರಗಳನ್ನು ಲೇಬರ್ ಆರು ಚುನಾವಣೆಗಳಲ್ಲಿಯೂ ಬಾಚಿಕೊಂಡಿತು. ಹೀಗಾಗಿ ಅದರ ಮತ ಎಂಟರಿಂದ ಭಾಗವಾಗಿ, ಪಟ್ಟಿಯ ನಾಲ್ಕೂ ಸ್ಥಾನಗಳು ಪ್ರತಿ ಸಲವೂ ಬೇರೆಯವರ ಪಾಲಾದವು. 2016ರಲ್ಲಿ ಕ್ಷೇತ್ರಗಳ ಶೇ 34.7 ಮತದಿಂದ 29 ಸ್ಥಾನಗಳು ದಕ್ಕುವಷ್ಟು ಈ ಪದ್ಧತಿ ಲೇಬರ್‌ಗೆ ಉದಾರವಾಗಿತ್ತು. ಆದರೆ ಒಂಟಿಯಾಗಿ ಆಳುವಷ್ಟು ಉದಾರವಾಗಿರಲಿಲ್ಲ.

1999ರ ಮೊದಲ ಚುನಾವಣೆಯಲ್ಲಿ ರೊಂಡಾ, ಇಸ್ಲುಯಿನ್, ಲ್ಲನೆಲ್ಲಿಯಂಥ ಲೇಬರ್ ಕೋಟೆಗಳನ್ನೇ ಪ್ಲೈಡ್ ಕಮ್ರಿ ಗೆದ್ದು 17 ಸ್ಥಾನ ಪಡೆಯಿತು. 28ಕ್ಕೆ ನಿಂತ ಲೇಬರ್‌ನ ಆಲನ್ ಮೈಕಲ್ ಅಲ್ಪಮತದ ಸರ್ಕಾರ ನಡೆಸಿದರು. ಪಶ್ಚಿಮ ವೇಲ್ಸ್ ಮತ್ತು ಕಣಿವೆಗಳಿಗೆ ಐರೋಪ್ಯ ಒಕ್ಕೂಟ ಕೊಡಲಿದ್ದ ನೆರವಿಗೆ ಲಂಡನ್ನಿನಿಂದ ಸಮಪಾಲು ಹಣ ತರುವ ಪ್ರಶ್ನೆಯ ಮೇಲೆ ಅವಿಶ್ವಾಸ ನಿರ್ಣಯ ಬಂದಾಗ, 2000ದ ಫೆಬ್ರವರಿಯಲ್ಲಿ ಅವರು ರಾಜೀನಾಮೆ ಕೊಟ್ಟರು. 1997ರಲ್ಲಿ ಹೌದು ಎಂದ 11 ಕೌಂಟಿಗಳೂ ಆ ನೆರವಿನ ಪ್ರದೇಶದೊಳಗೇ ಇದ್ದವು ಎಂಬುದನ್ನು ನೆನೆದರೆ ಈ ಪತನದ ಅರ್ಥ ಸ್ಪಷ್ಟವಾಗುತ್ತದೆ. ಅವರ ನಂತರ ಬಂದ ರೋಡ್ರಿ ಮಾರ್ಗನ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ಲಿಬರಲ್ ಡೆಮಾಕ್ರಾಟರ ಜತೆ ಮೊದಲ ಮೈತ್ರಿ ಮಾಡಿಕೊಂಡರು. 2003ರಲ್ಲಿ, ಸಾಮಾನ್ಯವಾಗಿ ಮತ ಹಾಕದ ಸಭಾಧ್ಯಕ್ಷ ಮತ್ತು ಉಪಸಭಾಧ್ಯಕ್ಷರಿಬ್ಬರೂ ಲೇಬರ್‌ನವರಲ್ಲದ ಕಾರಣ 30 ಸ್ಥಾನಗಳಲ್ಲಿಯೇ ಅವರ ಆಡಳಿತ ನಡೆಯಿತು.

ನಿಜವಾದ ತಿರುವು ಬಂದದ್ದು 2007ರಲ್ಲಿ. ಲೇಬರ್ 26, ಪ್ಲೈಡ್ ಕಮ್ರಿ 15, ಕನ್ಸರ್ವೇಟಿವ್ 12, ಲಿಬರಲ್ ಡೆಮಾಕ್ರಾಟ್ 6, ಪಕ್ಷೇತರ ಒಬ್ಬರು. ಲೇಬರ್ ಬಿಟ್ಟು ಮೂರೂ ಪಕ್ಷಗಳು ಸೇರಿದರೆ 33 ಆಗುತ್ತಿತ್ತು. ಕಾಮನಬಿಲ್ಲಿನ ಮೈತ್ರಿ ಎಂದು ಕರೆಸಿಕೊಂಡ ಈ ಒಪ್ಪಂದದ ಕರಡು ಸಿದ್ಧವಾಗಿಯೂ ಇತ್ತು. ಮೇ ತಿಂಗಳ ಒಂದು ರಾತ್ರಿ ಲಿಬರಲ್ ಡೆಮಾಕ್ರಾಟರ ಕಾರ್ಯಕಾರಿ ಸಮಿತಿಯಲ್ಲಿ ಮತಗಳು 9-9 ಆಗಿ ಅದು ಬಿದ್ದುಹೋಯಿತು. ಕೆಲವೇ ದಿನಗಳಲ್ಲಿ ಅದೇ ಪಕ್ಷದ ವಿಶೇಷ ಸಮಾವೇಶ ಒಪ್ಪಿಗೆ ಕೊಟ್ಟಿತಾದರೂ ಅಷ್ಟರಲ್ಲಿ ಮಾರ್ಗನ್ ಮತ್ತೆ ಅಧಿಕಾರಕ್ಕೆ ಏರಿದ್ದರು. ಆ ಸಮಿತಿಯ ಮತವೇ ಎಲ್ಲವನ್ನೂ ನಿರ್ಧರಿಸಿತು ಎಂದು ಹೇಳುವುದುಂಟು. ಆದರೆ ಪ್ಲೈಡ್ ಕಮ್ರಿಯೊಳಗಿನ ಬಿರುಕು ಅಷ್ಟೇ ಮುಖ್ಯವಾಗಿತ್ತು. ಲೀಯನ್ ವುಡ್, ಹೆಲೆನ್ ಮೇರಿ ಜೋನ್ಸ್ ಸೇರಿದಂತೆ ಆ ಪಕ್ಷದ ನಾಲ್ವರು ಸದಸ್ಯೆಯರು ಕನ್ಸರ್ವೇಟಿವ್ ಪಕ್ಷದೊಂದಿಗೆ ಅಧಿಕಾರ ಹಂಚಿಕೊಳ್ಳುವುದನ್ನು ಬಹಿರಂಗವಾಗಿ ವಿರೋಧಿಸಿದರು. ರೊಂಡಾದ ವುಡ್ ಅವರ ಊರುಕೇರಿಯಲ್ಲಿ ಗಣಿ ಮುಷ್ಕರದ ನೆನಪು ಇನ್ನೂ ಮಾಸಿರಲಿಲ್ಲ. ಕಣಿವೆಗಳಲ್ಲಿ ಬೆಳೆಯಬೇಕೆಂದಿದ್ದ ಪಕ್ಷ ಕನ್ಸರ್ವೇಟಿವರ ಕೈಹಿಡಿದು ಅಲ್ಲಿಗೆ ಹೋಗುವುದು ಸಾಧ್ಯವಿರಲಿಲ್ಲ. ಜೂನ್ 27ರಂದು ಲೇಬರ್ ಮತ್ತು ಪ್ಲೈಡ್ ಕಮ್ರಿ ‘ಒಂದು ವೇಲ್ಸ್’ ಎಂಬ ಒಪ್ಪಂದಕ್ಕೆ ಬಂದವು, ಪ್ಲೈಡ್ ಕಮ್ರಿಯ ನಾಯಕ ಯುವಾನ್ ವಿನ್ ಜೋನ್ಸ್ ಉಪ ಪ್ರಥಮ ಸಚಿವರಾದರು (ವೇಲ್ಸ್ ಸರ್ಕಾರದ ಮುಖ್ಯಸ್ಥರಿಗೆ ಪ್ರಥಮ ಸಚಿವ ಎನ್ನುತ್ತಾರೆ). ಆ ಒಪ್ಪಂದದ ಫಲವಾಗಿ 2011ರಲ್ಲಿ ನಡೆದ ಜನಮತದಲ್ಲಿ ಶೇ 63.5 ಮಂದಿ ಪೂರ್ಣ ಶಾಸನಾಧಿಕಾರಕ್ಕೆ ಹೌದು ಎಂದರು. ಬೇಡ ಎಂದದ್ದು ಗಡಿಯ ಮನ್ಮತ್‌ಶೈರ್ ಒಂದೇ.

2016ರಲ್ಲಿ, ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರಬೇಕೆನ್ನುತ್ತಿದ್ದ ಯುಕೆಐಪಿ ಪಕ್ಷ ಏಳು ಸ್ಥಾನಗಳೊಂದಿಗೆ ಸಭೆಯೊಳಗೆ ಬಂತು. ಪ್ರಥಮ ಸಚಿವರ ಆಯ್ಕೆಯಲ್ಲಿ ಲೇಬರ್‌ನ ಕಾರ್ವಿನ್ ಜೋನ್ಸ್ ಮತ್ತು ಪ್ಲೈಡ್ ಕಮ್ರಿಯ ಲೀಯನ್ ವುಡ್ ತಲಾ 29 ಮತ ಪಡೆದರು. ಒಂದು ವಾರದ ಮಾತುಕತೆಯ ನಂತರ ಪ್ಲೈಡ್ ಕಮ್ರಿ ಹಿಂದೆ ಸರಿಯಿತು. ಲಿಬರಲ್ ಡೆಮಾಕ್ರಾಟರ ಏಕೈಕ ಸದಸ್ಯೆ ಕರ್ಸ್ಟಿ ವಿಲಿಯಮ್ಸ್ ಶಿಕ್ಷಣ ಖಾತೆ ವಹಿಸಿಕೊಂಡು ಸರ್ಕಾರ ಸೇರಿದರು. ಮರುತಿಂಗಳೇ ನಡೆದ ಬ್ರೆಕ್ಸಿಟ್ ಜನಮತ 1997ರ ಭೂಪಟವನ್ನು ಕಲಕಿಬಿಟ್ಟಿತು. ಕಣಿವೆಯ ಬ್ಲೈನಾಯ್ ಗ್ವೆಂಟ್‌ನಲ್ಲಿ ಶೇ 62 ಮಂದಿ ಒಕ್ಕೂಟದಿಂದ ಹೊರಬರಲು ಮತ ಹಾಕಿದರೆ, ಗ್ವಿನೆಡ್‌ನಲ್ಲಿ ಶೇ 58 ಮತ್ತು ಕಾರ್ಡಿಫ್‌ನಲ್ಲಿ ಶೇ 60 ಮಂದಿ ಉಳಿಯಲು ಬಯಸಿದರು. ಶಾಸನಸಭೆಯನ್ನು ಕಟ್ಟಿದ ಎರಡು ಸೀಮೆಗಳು ಇಲ್ಲಿ ಬೇರೆಬೇರೆ ದಾರಿ ಹಿಡಿದವು.

2021ರ ಚುನಾವಣೆಯ ವೇಳೆಗೆ ಸಭೆಯ ಹೆಸರು ಸೆನೆಡ್ ಎಂದಾಯಿತು, 16 ವರ್ಷದವರಿಗೆ ಮತದಾನದ ಹಕ್ಕು ಬಂತು. 2021ರ ಕೊನೆಯಲ್ಲಿ ಲೇಬರ್‌ನ ಮಾರ್ಕ್ ಡ್ರೇಕ್‌ಫರ್ಡ್ ಪ್ಲೈಡ್ ಕಮ್ರಿಯೊಂದಿಗೆ ಸಹಕಾರ ಒಪ್ಪಂದ ಮಾಡಿಕೊಂಡರು. ಮೈತ್ರಿಯಲ್ಲದ, ಮಂತ್ರಿ ಪದವಿಗಳಿಲ್ಲದ ಈ ಒಪ್ಪಂದದಲ್ಲಿ ಎಲ್ಲ ಪ್ರಾಥಮಿಕ ಶಾಲಾ ಮಕ್ಕಳಿಗೆ ಉಚಿತ ಊಟದಂಥ ಕಾರ್ಯಕ್ರಮಗಳಿದ್ದವು. 2024ರ ಮೇ ತಿಂಗಳಲ್ಲಿ ಪ್ಲೈಡ್ ಕಮ್ರಿ ಅದರಿಂದ ಹೊರನಡೆಯಿತು. ಆಗ ಪ್ರಥಮ ಸಚಿವರಾಗಿದ್ದ ವಾನ್ ಗೆಥಿಂಗ್ ಜೂನ್‌ನಲ್ಲಿ 29-27ರಿಂದ ಅವಿಶ್ವಾಸ ಮತಕ್ಕೆ ಸೋತು, ಜುಲೈನಲ್ಲಿ ರಾಜೀನಾಮೆ ಘೋಷಿಸಿದರು.

ಆದರೆ ಆ ಒಪ್ಪಂದ ತನ್ನನ್ನು ಹೆತ್ತ ಪದ್ಧತಿಯನ್ನೇ ಬದಲಿಸಿ ಹೋಯಿತು. ಚುನಾವಣಾ ನಿಯಮ ತಿದ್ದಲು ಮೂರನೇ ಎರಡರಷ್ಟು, ಅಂದರೆ 40 ಮತ ಬೇಕಿತ್ತು. ಲೇಬರ್‌ನ 30 ಮತ್ತು ಪ್ಲೈಡ್ ಕಮ್ರಿಯ 13 ಸೇರಿ 43 ಆಯಿತು. 2026ರಿಂದ ಸದಸ್ಯರು 96, ಕ್ಷೇತ್ರಗಳು 16, ಪ್ರತಿ ಕ್ಷೇತ್ರಕ್ಕೆ ಆರು ಸ್ಥಾನ, ಎಲ್ಲವೂ ಪಕ್ಷಗಳ ಪಟ್ಟಿಯಿಂದಲೇ. ಲೇಬರ್‌ಗೆ ಕಣಿವೆಗಳು ಕೊಡುತ್ತಿದ್ದ ಅನುಕೂಲವನ್ನು ಲೇಬರ್ ಸದಸ್ಯರೇ ಮತ ಹಾಕಿ ಬಿಟ್ಟುಕೊಟ್ಟರು.

ಹಳೆಯ ಪದ್ಧತಿಯ ಕೊನೆಗಾಲದಲ್ಲಿ, 2025ರ ಅಕ್ಟೋಬರ್ 23ರಂದು, ಕೇರ್‌ಫಿಲಿಯಲ್ಲಿ ಉಪಚುನಾವಣೆ ನಡೆಯಿತು. 1997ರ ಜನಮತವನ್ನು ಮುನ್ನಡೆಸಿದ ಲೇಬರ್ ಸಚಿವ ರಾನ್ ಡೇವಿಸ್ ಅವರು ಪ್ರತಿನಿಧಿಸಿದ್ದ ಊರದು, 1999ರಿಂದ ಲೇಬರ್ ಬಿಟ್ಟುಕೊಡದ ಕ್ಷೇತ್ರ. ಪ್ಲೈಡ್ ಕಮ್ರಿ ಶೇ 47.4 ಮತ ಪಡೆದು ಗೆದ್ದಿತು, ಬಲಪಂಥೀಯ ರಿಫಾರ್ಮ್ ಪಕ್ಷ ಶೇ 36 ಪಡೆಯಿತು, ಲೇಬರ್ ಶೇ 11ಕ್ಕೆ ಕುಸಿಯಿತು. ಇದೇ ಮತಗಳನ್ನು ಹೊಸ ಪದ್ಧತಿಯ ಆರು ಸ್ಥಾನಗಳಿಗೆ ಹಂಚಿ ನೋಡಿದರೆ ಪ್ಲೈಡ್ ಕಮ್ರಿಗೆ ಮೂರು, ರಿಫಾರ್ಮ್‌ಗೆ ಮೂರು ಬರುತ್ತವೆ. ಲೇಬರ್‌ಗೆ ಒಂದೂ ಬರುವುದಿಲ್ಲ.